ಹಳೇ ಜೆಸಿಬಿಗೆ ವಾರಂಟಿ ಬೇಕೆ?

ಪ್ರಶ್ನೆ: ಒಂಬತ್ತು ವರ್ಷದಿಂದ ಬೇರೆಯವರ ಜೆಸಿಬಿಗೆ ಆಪರೇಟರ್ ಆಗಿದ್ದೇನೆ. ಈಗ ಸ್ವಂತದ್ದೊಂದು ಮಾಡಿಕೊಳ್ಳುವ ಯೋಚನೆ. ಚಿತ್ರದುರ್ಗದ ಕಡೆ ಒಂದು ಯಾರ್ಡ್‌ನಲ್ಲಿ 2019ರ 3ಡಿಎಕ್ಸ್ ನೋಡಿದ್ದೇನೆ. ಮೀಟರ್ 6,400 ಗಂಟೆ ತೋರಿಸುತ್ತದೆ, ಹದಿನೇಳೂವರೆ ಲಕ್ಷ ಹೇಳುತ್ತಿದ್ದಾರೆ. ಮೇಲೆ 75,000 ಕೊಟ್ಟರೆ ಒಂದು ವರ್ಷ ಅಥವಾ 1,000 ಗಂಟೆ ಎಕ್ಸ್‌ಟೆಂಡೆಡ್ ವಾರಂಟಿ ಕೊಡುತ್ತಾರಂತೆ. ಪಕ್ಕದಲ್ಲೇ 2022ರದ್ದೊಂದು ನಿಂತಿದೆ, ಅದಕ್ಕೆ ಏಳು ಲಕ್ಷ ಜಾಸ್ತಿ. ಮನೆಯವರು ವಾರಂಟಿ ತಗೊಂಡೇ ತಗೋ ಅನ್ನುತ್ತಾರೆ, ಪರಿಚಯದ ಮೆಕ್ಯಾನಿಕ್ ದುಡ್ಡು ದಂಡ ಅನ್ನುತ್ತಾರೆ. ಏನು ಮಾಡಲಿ?
— ಹೊಸದುರ್ಗ ತಾಲ್ಲೂಕಿನ ಓದುಗರು

ಉತ್ತರ: ಮೊದಲೇ ಹೇಳಿಬಿಡುತ್ತೇನೆ, 2019ರ ಮಷಿನ್‌ಗೆ ಆ ವಾರಂಟಿ ಬೇಡ. ಮಷಿನ್ ಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಅದನ್ನು ಮುಂದೆ ನೋಡೋಣ. 2022ರದ್ದನ್ನು ಕೊಳ್ಳುವುದಾದರೆ ನನ್ನ ಉತ್ತರ ಬೇರೆ.

ಯಾರ್ಡ್‌ನವರು ಬಾಯಲ್ಲಿ ಹೇಳುವುದು ‘ಒಂದು ವರ್ಷ’. ಕಾಗದದಲ್ಲಿರುವುದು ‘ಒಂದು ವರ್ಷ ಅಥವಾ 1,000 ಗಂಟೆ, ಯಾವುದು ಮೊದಲೋ ಅದು’. ಸಾಲ ಮಾಡಿ ತಂದ ಮಷಿನನ್ನು ನೀವು ಶೆಡ್ಡಿನಲ್ಲಿ ನಿಲ್ಲಿಸುವುದಿಲ್ಲ. ದಿನಕ್ಕೆ ಆರು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ ಓಡಿಸಿದರೆ 150 ಗಂಟೆ. ಏಳು ತಿಂಗಳು ತುಂಬುವ ಮೊದಲೇ ಸಾವಿರ ಗಂಟೆ ಮುಗಿಯುತ್ತದೆ. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿ. 18 ಪರ್ಸೆಂಟ್ ಬಿದ್ದರೆ ಆ 75,000 ಹೋಗಿ 88,500 ಆಗುತ್ತದೆ. ಏಳು ತಿಂಗಳಿಗೆ ಅಷ್ಟು. ಕೆಲಸ ಹೆಚ್ಚು ಸಿಕ್ಕಷ್ಟೂ ರಕ್ಷಣೆಯ ಅವಧಿ ಕಡಿಮೆಯಾಗುತ್ತದೆ.

ಆ ಏಳು ತಿಂಗಳಲ್ಲಿ ಏನು ಕೆಡಬಹುದು ಎಂದು ನಿಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಹೋಸ್ ಪೈಪ್ ಒಡೆಯುತ್ತದೆ, ಸಿಲಿಂಡರ್ ಸೀಲ್ ಸೋರುತ್ತದೆ, ಪಿನ್ನು ಬುಷ್ ಸವೆಯುತ್ತದೆ, ಬಕೆಟ್ ಹಲ್ಲು ಮುರಿಯುತ್ತದೆ, ಟಯರ್ ಹರಿಯುತ್ತದೆ. ಇಂಥ ವಾರಂಟಿ ಕಾಗದಗಳಲ್ಲಿ ಸಾಮಾನ್ಯವಾಗಿ ಇವೆಲ್ಲ ‘ಸವೆಯುವ ಭಾಗಗಳು’ ಎಂಬ ಹೆಸರಿನಲ್ಲಿ ಮೊದಲೇ ಹೊರಗೆ ಹೋಗಿರುತ್ತವೆ. ಉಳಿಯುವುದು ಎಂಜಿನ್‌ನ ಒಳಭಾಗ, ಗೇರ್‌ಬಾಕ್ಸ್, ಆಕ್ಸಲ್. ಹೈಡ್ರಾಲಿಕ್ ಪಂಪ್ ಮತ್ತು ವಾಲ್ವ್ ಬ್ಲಾಕ್ ಕೆಲವು ಕಾಗದಗಳಲ್ಲಿ ಇರುತ್ತವೆ, ಕೆಲವದರಲ್ಲಿ ಇರುವುದಿಲ್ಲ. ಅವಿಲ್ಲದ ವಾರಂಟಿ ಬ್ಯಾಕ್‌ಹೋ ಲೋಡರ್‌ಗೆ ಯಾವ ಕೆಲಸಕ್ಕೂ ಬಾರದು, ಏಕೆಂದರೆ ಈ ಮಷಿನ್ ದುಡಿಯುವುದೇ ಹೈಡ್ರಾಲಿಕ್‌ನಲ್ಲಿ. ಇದರ ಜೊತೆಗೆ ಪ್ರತಿ ಕ್ಲೇಮಿಗೂ, ಒಟ್ಟಾರೆಗೂ ಇಷ್ಟೇ ಎಂಬ ಮಿತಿ ಇರಬಹುದು. ‘ಮಾರಾಟಕ್ಕೆ ಮೊದಲೇ ಇದ್ದ ದೋಷ ನಮ್ಮದಲ್ಲ’ ಎಂಬ ಸಾಲೂ ಇರಬಹುದು. ಆರು ವರ್ಷ ದುಡಿದ ಮಷಿನ್‌ನಲ್ಲಿ ಯಾವ ದೋಷ ನಿನ್ನೆಯದು, ಯಾವುದು ಮೊನ್ನೆಯದು ಎಂದು ತೀರ್ಮಾನಿಸುವವರು ಯಾರು? ಅವರೇ.

ಇನ್ನೊಂದು ಮಾತು. ಗೇರ್‌ಬಾಕ್ಸ್ ಹೋಯಿತು, ವಾರಂಟಿಯವರು ಒಪ್ಪಿಕೊಂಡರು, ಬಿಡಿಭಾಗ ಬರಲು ಹತ್ತು ದಿನ ಎನ್ನೋಣ. ನಿಮ್ಮ ಕಡೆ ಬಾಡಿಗೆ ಗಂಟೆಗೆ 1,200 ರೂಪಾಯಿ, ಡೀಸೆಲ್ಲಿಗೆ 450 ಕಳೆದು ಕೈಗೆ 750 ಎಂದು ಹಿಡಿದರೆ, ದಿನಕ್ಕೆ ಆರು ಗಂಟೆಯಂತೆ ಹತ್ತು ದಿನಕ್ಕೆ 45,000 ಹೋಯಿತು. ಅದನ್ನು ಯಾವ ವಾರಂಟಿಯೂ ಕಟ್ಟಿಕೊಡುವುದಿಲ್ಲ. ಸಾಲದ ಕಂತೂ ನಿಲ್ಲುವುದಿಲ್ಲ. ಮೆಕ್ಯಾನಿಕ್ ಎರಡು ದಿನದಲ್ಲಿ ಮಾಡಿಕೊಡುವ ಕೆಲಸಕ್ಕೆ ವಾರಂಟಿಯ ಆಸೆಯಿಂದ ಎರಡು ವಾರ ಕಾಯುವವರನ್ನು ನೀವೂ ಸೈಟಿನಲ್ಲಿ ನೋಡಿರುತ್ತೀರಿ.

ಹಾಗಾದರೆ ಧೈರ್ಯಕ್ಕೆ ಏನು? ಯಾರ್ಡ್‌ನವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ‘ದುಡ್ಡು ಕೊಟ್ಟು ಕೊಳ್ಳುವ ಸಾವಿರ ಗಂಟೆ ಬೇಡ. ಮೊದಲ ನೂರು ಗಂಟೆಯೊಳಗೆ ಎಂಜಿನ್, ಗೇರ್‌ಬಾಕ್ಸ್, ಹೈಡ್ರಾಲಿಕ್ ಪಂಪ್ ಕೆಟ್ಟರೆ ನಿಮ್ಮ ಖರ್ಚಿನಲ್ಲಿ ಮಾಡಿಕೊಡುತ್ತೀರಾ? ಬರೆದು ಕೊಡುತ್ತೀರಾ?’ ಮಷಿನ್ ಮೇಲೆ ನಂಬಿಕೆ ಇರುವ ವ್ಯಾಪಾರಿಗೆ ಇದು ಭಾರವಲ್ಲ. ಸಾವಿರ ಗಂಟೆಯ ವಾರಂಟಿ ಮಾರಲು ತಯಾರಿದ್ದು ನೂರು ಗಂಟೆಯ ಮಾತಿಗೆ ಸಹಿ ಹಾಕಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ಮಷಿನ್ ವಿಷಯ. 2019ರದ್ದಕ್ಕೆ 6,400 ಗಂಟೆ ಎಂದರೆ ವರ್ಷಕ್ಕೆ ಸುಮಾರು ಸಾವಿರ. ನೀವು ಓಡಿಸಿದ ಮಷಿನ್‌ಗಳು ವರ್ಷಕ್ಕೆ ಎಷ್ಟು ಓಡಿವೆ, ನೆನಪಿಸಿಕೊಳ್ಳಿ. ಕೊರೋನಾ ವರ್ಷದಲ್ಲಿ ಎಲ್ಲರ ಮಷಿನ್ನೂ ಕೆಲವು ತಿಂಗಳು ನಿಂತಿದ್ದವು, ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಈ ಸಂಖ್ಯೆ ಸ್ವಲ್ಪ ಸಣ್ಣದಾಗಿಯೇ ಕಾಣುತ್ತದೆ. ಸುಳ್ಳೆಂದು ನಾನು ಹೇಳುತ್ತಿಲ್ಲ. ಮೀಟರ್ ಬದಲಾಗಿರಬಹುದು, ಮಷಿನ್ ನಿಜವಾಗಿಯೂ ಕಡಿಮೆ ದುಡಿದಿರಬಹುದು. ಪರೀಕ್ಷಿಸುವ ದಾರಿ ಇದೆ. ಲೈವ್‌ಲಿಂಕ್ ಹಾಕಿದ ಮಷಿನ್ ಆಗಿದ್ದರೆ ಹಳೆಯ ಮಾಲೀಕರ ಮೊಬೈಲಿನಲ್ಲೇ ಅದು ಓಡಿದ ಗಂಟೆ ಸಿಗುತ್ತದೆ, ತೋರಿಸಲು ಹೇಳಿ. ಕಂಪನಿ ಡೀಲರ್ ಬಳಿ ಚಾಸಿ ನಂಬರ್ ಕೊಟ್ಟು ಸರ್ವಿಸ್ ಹಿಸ್ಟರಿ ಕೇಳಿ. ಕೊನೆಯ ಸರ್ವಿಸ್ 2021ರಲ್ಲಿ 5,800 ಗಂಟೆಗೆ ಆಗಿದ್ದರೆ ಉಳಿದ ಕಥೆ ನೀವೇ ಊಹಿಸಬಹುದು. ಎರಡೂ ಸಿಗದಿದ್ದರೆ ಆಪರೇಟರ್ ಕಾಲಿಡುವ ಪೆಡಲ್ ರಬ್ಬರ್, ಸೀಟು, ಹಿಂದಿನ ಲಿವರ್‌ಗಳ ಗುಬ್ಬಿ ನೋಡಿ. ಅವುಗಳ ಸವಕಳಿಯನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಎಲ್ಲವೂ ಹೊಸದಾಗಿದ್ದರೆ ಅದೂ ಒಂದು ಸುಳಿವೇ.

ಗಂಟೆಗಿಂತ ದೊಡ್ಡ ಪ್ರಶ್ನೆ, ಆ ಗಂಟೆಗಳನ್ನು ಎಲ್ಲಿ ಕಳೆಯಿತು ಎಂಬುದು. ತೋಟದ ಬದು, ಕೃಷಿ ಹೊಂಡ, ಮನೆ ಪಾಯ ಮಾಡಿಕೊಂಡಿದ್ದ 9,000 ಗಂಟೆಯ ಮಷಿನ್, ಕ್ವಾರಿಯಲ್ಲಿ ಬ್ರೇಕರ್ ಕಟ್ಟಿಕೊಂಡು ಬಂಡೆ ಒಡೆದ 5,000 ಗಂಟೆಯ ಮಷಿನ್‌ಗಿಂತ ಎಷ್ಟೋ ಮೇಲು. ಬೂಮ್ ಉದ್ದಕ್ಕೂ ಬ್ರೇಕರ್ ಪೈಪಿನ ಕ್ಲಾಂಪ್ ಇದೆಯೇ, ಬಿಚ್ಚಿದ ಗುರುತಿದೆಯೇ ನೋಡಿ. ಇದ್ದರೆ ಬೂಮ್ ಬುಡ, ಡಿಪ್ಪರ್, ಕಿಂಗ್ ಪೋಸ್ಟ್ ಸುತ್ತ ಬಿರುಕು ಅಥವಾ ವೆಲ್ಡಿಂಗ್ ಹುಡುಕಿ. ಒಳ್ಳೆಯ ವೆಲ್ಡಿಂಗ್ ಇದ್ದರೆ ಅದೊಂದೇ ಕಾರಣಕ್ಕೆ ಬಿಡಬೇಕಿಲ್ಲ, ಬೆಲೆ ಇಳಿಸಲು ಅದು ಸಾಕು. ವೆಲ್ಡಿಂಗ್ ಮೇಲೆ ಹೊಸ ಹಳದಿ ಬಳಿದು ಮುಚ್ಚಿದ್ದರೆ ಮಾತ್ರ ಸಂಶಯಪಡಿ. ಯಾರ್ಡ್‌ನಲ್ಲಿ ಪೇಂಟ್ ಹೊಡೆಯುವುದು ತಪ್ಪಲ್ಲ, ಹೋಸ್ ಪೈಪು, ಗ್ರೀಸ್ ನಿಪ್ಪಲ್ ಎಲ್ಲಕ್ಕೂ ಸೇರಿಸಿ ಹೊಡೆದಿದ್ದರೆ ಏನೋ ಅವಸರವಿತ್ತು ಎಂದರ್ಥ. ಕರಾವಳಿಯ ಕಡೆಯಿಂದ ಬಂದ ಮಷಿನ್ ಆದರೆ ಚಾಸಿಯ ಒಳಭಾಗ, ಬ್ಯಾಟರಿ ಪೆಟ್ಟಿಗೆ, ವೈರಿಂಗ್ ಜಾಯಿಂಟ್‌ಗಳಲ್ಲಿ ತುಕ್ಕು ನೋಡಿ.

ನೋಡಲು ಬೆಳಿಗ್ಗೆ ಹೋಗಿ, ಬರುತ್ತೇನೆ ಎಂದು ಮೊದಲೇ ಫೋನ್ ಮಾಡಬೇಡಿ. ಬಾನೆಟ್ ಮೇಲೆ ಕೈ ಇಟ್ಟಾಗ ತಣ್ಣಗಿರಬೇಕು. ಬಿಸಿ ಮಾಡಿಟ್ಟ ಎಂಜಿನ್ ಯಾವಾಗಲೂ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಸ್ಟಾರ್ಟ್ ಆದ ಮೇಲೆ ಆಯಿಲ್ ಕ್ಯಾಪ್ ತೆಗೆದು ಹೊಗೆ ದಬದಬನೆ ನೂಕುತ್ತಿದೆಯೇ ಗಮನಿಸಿ. ಹಾಗಿದ್ದರೆ ರಿಂಗು, ಲೈನರ್ ಸವೆದಿವೆ. ಗೇರ್‌ಬಾಕ್ಸ್ ಡಿಪ್‌ಸ್ಟಿಕ್ ಎಳೆದು ಮೂಸಿ, ಸುಟ್ಟ ವಾಸನೆ ಇರಬಾರದು. ಮುಂದಿನ ಬಕೆಟ್ ಊರಿ ಮುಂಗಾಲಿ ಎತ್ತಿ, ಹಿಂದೆ ಸ್ಟೆಬಿಲೈಸರ್ ಕಾಲು ಊರಿ ಹಿಂಗಾಲಿ ಎತ್ತಿ, ಎಂಜಿನ್ ಆರಿಸಿ ಚಹಾ ಕುಡಿದು ಬನ್ನಿ. ಮಷಿನ್ ಕೆಳಗಿಳಿದಿದ್ದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಹಿಂದಿನ ತೋಳನ್ನು ಪೂರ್ತಿ ಚಾಚಿ ಬಕೆಟ್ ನೆಲದಿಂದ ಒಂದಡಿ ಮೇಲಿಟ್ಟು ಒಬ್ಬರು ಕೈಯಿಂದ ಅತ್ತಿತ್ತ ನೂಕಲಿ, ನೀವು ಕಿಂಗ್ ಪೋಸ್ಟ್ ಬಳಿ ಬೆರಳಿಟ್ಟು ನಿಲ್ಲಿ. ಲೂಸ್ ಎಷ್ಟಿದೆ ಎಂದು ಬೆರಳಿಗೇ ಗೊತ್ತಾಗುತ್ತದೆ. ಪಿನ್ನುಗಳಿಗೆ ದಿನಾ ಗ್ರೀಸ್ ಹೊಡೆಯುತ್ತಿದ್ದ ಆಪರೇಟರ್ ಕೈಯಲ್ಲಿ ಮಷಿನ್ ಇತ್ತೋ, ಮಾಲೀಕ ಬಂದಾಗ ಮಾತ್ರ ಹೊಡೆಯುವವರ ಕೈಯಲ್ಲಿತ್ತೋ ಎಂಬುದು ಇಲ್ಲಿ ಬಯಲಾಗುತ್ತದೆ. ನಿಮಗೆ ಈ ಎರಡೂ ಜಾತಿಯವರ ಪರಿಚಯ ಚೆನ್ನಾಗಿಯೇ ಇರುತ್ತದೆ!

ಇಷ್ಟಕ್ಕೆ ಮುಗಿಸಬೇಡಿ. ಎರಡು ಗಂಟೆಯಾದರೂ ಮಣ್ಣು ತೆಗೆಸಿ. ತಣ್ಣಗಿದ್ದಾಗ ಹೈಡ್ರಾಲಿಕ್ ಆಯಿಲ್ ಗಟ್ಟಿಯಿರುತ್ತದೆ, ಸವೆದ ಪಂಪೂ ಮರ್ಯಾದೆ ಉಳಿಸಿಕೊಳ್ಳುತ್ತದೆ. ಬಿಸಿಯಾಗಿ ಆಯಿಲ್ ತೆಳ್ಳಗಾದ ಮೇಲೆ ಬಕೆಟ್ ನಿಧಾನವಾದರೆ, ಎರಡು ಲಿವರ್ ಒಟ್ಟಿಗೆ ಎಳೆದಾಗ ಎಂಜಿನ್ ಗೊಣಗಿದರೂ ತೋಳು ಏಳದಿದ್ದರೆ, ಪಂಪ್ ಮುಗಿಯುತ್ತಾ ಬಂದಿದೆ. ಹಾಗೆಯೇ ಬಿಸಿ ಗೇರ್‌ಬಾಕ್ಸ್‌ನಲ್ಲಿ ಫಾರ್ವರ್ಡ್, ರಿವರ್ಸ್ ಹಾಕಿ ನೋಡಿ. ಲಿವರ್ ಬಿದ್ದ ಮೇಲೆ ಮಷಿನ್ ಯೋಚನೆ ಮಾಡಿ ಹೊರಟರೆ ಲಕ್ಷದ ಮೇಲಿನ ಖರ್ಚು ಕಾದಿದೆ. 2019ರ ಮೇ ತಿಂಗಳಲ್ಲಿ ಜೆಸಿಬಿ ಮಣ್ಣು ಅಗೆಯುವ ವಿಡಿಯೊಗಳನ್ನು ದೇಶಕ್ಕೆ ದೇಶವೇ ಕೂತು ನೋಡಿ ನಕ್ಕಿತ್ತು. ನೀವೂ ಹಾಗೇ ಕಣ್ಣು ಕೀಳದೆ ನೋಡಿ, ನಗುವುದು ಬೇಡ.

ನಿಮಗೆ ಎಷ್ಟೇ ಅನುಭವವಿದ್ದರೂ ಕಂಪನಿ ಡೀಲರ್‌ನ ಸರ್ವಿಸ್ ಎಂಜಿನಿಯರ್ ಒಬ್ಬರಿಗೆ ಫೀ ಕೊಟ್ಟು ಪ್ರೆಷರ್ ಗೇಜ್ ಹಾಕಿಸಿ ಪರೀಕ್ಷೆ ಮಾಡಿಸಿ. ವಾರಂಟಿಗೆ ಕೇಳಿದ ಹಣದಲ್ಲಿ ಸಣ್ಣದೊಂದು ಪಾಲು ಸಾಕು. ಕೊಂಡ ಮೇಲಿನ ಭರವಸೆಗಿಂತ ಕೊಳ್ಳುವ ಮುಂಚಿನ ಆ ಒಂದು ಹಾಳೆಯ ವರದಿಗೆ ಬೆಲೆ ಹೆಚ್ಚು.

ಇನ್ನು 2022ರ ಮಷಿನ್. ಇಲ್ಲಿ ವರ್ಷಕ್ಕೆ ಒಂದು ಅರ್ಥವಿದೆ. ಚಕ್ರದ ಮೇಲೆ ಓಡುವ ಕಟ್ಟಡ ಕಾಮಗಾರಿ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಬಿಎಸ್-4 ಹೊಗೆ ನಿಯಮ ಬಂತು, 2025ರ ಜನವರಿಯಿಂದ ಅದಕ್ಕೂ ಬಿಗಿಯಾದ ಸ್ಟೇಜ್-5. ಬಿಎಸ್-4ಕ್ಕೆ ಮೊದಲಿನ ಎಂಜಿನ್‌ಗಳು ಬಹುಮಟ್ಟಿಗೆ ಮೆಕ್ಯಾನಿಕಲ್ ಪಂಪಿನವು. ಹೊಸದುರ್ಗದಲ್ಲೇ ಬಿಚ್ಚಿ ಜೋಡಿಸುವವರಿದ್ದಾರೆ. ಆಮೇಲಿನವು ಕಾಮನ್ ರೈಲ್, ಸೆನ್ಸರ್, ಇಸಿಯು ಇರುವವು. ಡೀಸೆಲ್ ಕಡಿಮೆ ಕುಡಿಯುತ್ತವೆ ಎಂಬ ಮೆಚ್ಚುಗೆ ಅವಕ್ಕಿದೆ, ಆದರೆ ಬ್ಯಾರೆಲ್‌ನಲ್ಲಿ ತಂದ ಧೂಳು, ನೀರು ಸೇರಿದ ಡೀಸೆಲ್ ಇಂಜೆಕ್ಟರ್‌ಗೆ ಆಗುವುದಿಲ್ಲ. ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದವರೇ ಬರಬೇಕು, ಬಿಲ್ಲೂ ಅದಕ್ಕೆ ತಕ್ಕಂತೆ. ಇಂಥ ಮಷಿನ್‌ಗೆ ಕಂಪನಿಯೇ ಅಥವಾ ಅದರ ಅಧಿಕೃತ ಡೀಲರ್ ಕೊಡುವ ವಾರಂಟಿ ಸಿಕ್ಕರೆ, ಅದರಲ್ಲಿ ಇಂಜೆಕ್ಟರ್, ಇಸಿಯು, ಹೈಡ್ರಾಲಿಕ್ ಪಂಪ್ ಮೂರೂ ಹೆಸರು ಹಿಡಿದು ಬರೆದಿದ್ದರೆ ತೆಗೆದುಕೊಳ್ಳಿ. ಮೊದಲ ಮಾಲೀಕರು ಆಗಲೇ ಮಾಡಿಸಿಟ್ಟದ್ದೇನಾದರೂ ಉಳಿದಿದೆಯೇ, ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದೂ ವಿಚಾರಿಸಿ. ಯಾರ್ಡ್ ತನ್ನದೇ ಲೆಟರ್‌ಹೆಡ್‌ನಲ್ಲಿ ಕೊಡುವ ವಾರಂಟಿ ಬೇರೆ ಮಾತು. ಯಾರ್ಡ್ ಇರುವವರೆಗೆ ಮಾತ್ರ ಅದು ಇರುತ್ತದೆ.

ತೆಗೆದುಕೊಂಡರೆ ಅದರ ಷರತ್ತಿಗೆ ಒಗ್ಗಿಕೊಳ್ಳಬೇಕು. ಸರ್ವಿಸ್ ಹೇಳಿದ ಗಂಟೆಗೇ ಆಗಬೇಕು, ಅವರದೇ ಆಯಿಲ್, ಅವರದೇ ಫಿಲ್ಟರ್, ಬಿಲ್ ಎತ್ತಿಡಬೇಕು. ಹೊರಗೆ ಒಂದು ಫಿಲ್ಟರ್ ಹಾಕಿಸಿದ ಕಾರಣಕ್ಕೆ ಎಂಜಿನ್ ಕ್ಲೇಮು ತಳ್ಳಿಹಾಕಿದರೆ ಜಗಳ ಕಷ್ಟ.

ಜಗಳ ಬಂದರೂ ನೀವು ಕೈಕಟ್ಟಿ ಕೂರಬೇಕಿಲ್ಲ. ‘ಇದು ವ್ಯಾಪಾರದ ಮಷಿನ್, ಗ್ರಾಹಕ ಕೋರ್ಟು ನಿಮಗಲ್ಲ’ ಎಂದು ಯಾರಾದರೂ ಹೆದರಿಸಬಹುದು. ಪೂರ್ತಿ ನಿಜವಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರಗಿಡುತ್ತದೆ, ಹೌದು. ಆದರೆ ಸ್ವಯಂ ಉದ್ಯೋಗದಿಂದ ಜೀವನ ನಡೆಸಲಿಕ್ಕೆಂದೇ ಕೊಂಡು ತಾನೇ ಬಳಸುವವರನ್ನು ಗ್ರಾಹಕರೆಂದೇ ಎಣಿಸುತ್ತದೆ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲೇ ಇದನ್ನು ವಿವರಿಸಿದೆ: ತಾನೇ ಓಡಿಸುವ ಆಟೋ, ತಾನೇ ನಡೆಸುವ ಲೇತ್ ಕೊಂಡವರು ಗ್ರಾಹಕರು, ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡರೂ ಆ ಹಕ್ಕು ಹೋಗುವುದಿಲ್ಲ. ಸ್ವತಃ ಲಿವರ್ ಹಿಡಿಯುವ ನಿಮಗೆ ಇದು ಅನ್ವಯಿಸುತ್ತದೆ. ಐವತ್ತು ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಆಯೋಗ ಸಾಕು, ತೊಂದರೆ ಎದುರಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಮುಂದೆ ಇನ್ನೂ ಮೂರು ಮಷಿನ್ ಕೊಂಡು ಆಪರೇಟರ್‌ಗಳನ್ನಿಟ್ಟು ನಡೆಸುವ ಕಾಲ ಬಂದರೆ ಈ ವಾದ ಬಲಹೀನವಾಗುತ್ತದೆ. ಆ ಕಾಲ ಬರಲಿ ಎಂದೇ ನನ್ನ ಆಸೆ.

ವಾರಂಟಿಗಿಂತ ಮುಖ್ಯವಾದ ಒಂದು ಕಾಗದದ ಬಗ್ಗೆ ನೀವು ಕೇಳಿಲ್ಲ, ಅದು ಇನ್ಶೂರೆನ್ಸ್. ಮೋಟಾರು ವಿಮೆಯಲ್ಲಿ ನಿಮ್ಮ ಮಷಿನ್ ‘ವಿಶೇಷ ಬಗೆಯ ವಾಹನ’ಗಳ ಗುಂಪಿಗೆ ಸೇರುತ್ತದೆ. ಅದಕ್ಕೆ ಹಚ್ಚುವ ಐಎಂಟಿ 47 ಎಂಬ ಷರತ್ತಿನ ಪ್ರಕಾರ, ಮಷಿನ್ ಕೆಲಸ ಮಾಡುತ್ತಿರುವಾಗ ಮಗುಚಿ ಬಿದ್ದು ಆದ ಹಾನಿಯನ್ನು ಕಂಪನಿ ಕೊಡುವುದಿಲ್ಲ. ರಸ್ತೆಯಲ್ಲಿ ಹೋಗುವಾಗ ಆದರೆ ಒಂದು ಲೆಕ್ಕ, ಕೃಷಿ ಹೊಂಡದ ದಂಡೆ ಕುಸಿದು ಉರುಳಿದರೆ ಇನ್ನೊಂದು ಲೆಕ್ಕ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಓವರ್‌ಟರ್ನಿಂಗ್ ಕವರ್ ಸೇರಿಸಿಕೊಂಡರೆ ಮಾತ್ರ ರಕ್ಷಣೆ. ಸಾಲ ಕೊಡುವವರು ‘ಇನ್ಶೂರೆನ್ಸ್ ಮಾಡಿಸಿದ್ದೇವೆ’ ಎಂದಾಗ ಜನ ಅದನ್ನು ಓದುವುದಿಲ್ಲ, ಮಷಿನ್ ಉರುಳಿದ ದಿನ ಓದುತ್ತಾರೆ. ಗೇರ್‌ಬಾಕ್ಸ್ ಹೋದರೆ ಲಕ್ಷ ಹೋಗುತ್ತದೆ, ಕೆರೆ ಏರಿಯಿಂದ ಮಗುಚಿದರೆ ಬಂಡವಾಳವೇ ಹೋಗುತ್ತದೆ. ಹಣ ಹಾಕುವುದಿದ್ದರೆ ಇಲ್ಲಿ ಹಾಕಿ. ಹಳೆಯ ಮಾಲೀಕರ ಪಾಲಿಸಿಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವುದನ್ನೂ ಮರೆಯಬೇಡಿ. ಥರ್ಡ್ ಪಾರ್ಟಿ ಭಾಗ ತಾನಾಗಿ ಬರುತ್ತದೆ, ಸ್ವಂತ ಮಷಿನ್‌ನ ಹಾನಿಯ ಭಾಗ ಬರುವುದಿಲ್ಲ.

ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಮಷಿನ್ ಮೇಲಿನದಕ್ಕೆ ತಾಳೆಯಾಗಬೇಕು. ಹಳೆಯ ಸಾಲ ತೀರಿದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರಂ 35, ಮಾಲೀಕತ್ವ ವರ್ಗಕ್ಕೆ ಫಾರಂ 29 ಮತ್ತು 30, ಆಂಧ್ರ ಅಥವಾ ಮಹಾರಾಷ್ಟ್ರದ ಮಷಿನ್ ಆದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಫಾರಂ 28. ನಮ್ಮ ಕಡೆ ಇನ್ನೂ ಒಂದನ್ನು ನೋಡಲೇಬೇಕು. ಅಕ್ರಮ ಮರಳು, ಕಲ್ಲು ಗಣಿಗಾರಿಕೆಯಲ್ಲಿ ಸಿಕ್ಕಿಬಿದ್ದ ಯಂತ್ರವನ್ನು ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಮಿನಡಿ ಜಪ್ತಿ ಮಾಡಿ ಮುಟ್ಟುಗೋಲು ಹಾಕಿಕೊಳ್ಳಬಹುದು. ಅಂಥ ಕೇಸಿನಲ್ಲಿ ಬಾಂಡ್ ಕೊಟ್ಟು ಬಿಡಿಸಿಕೊಂಡ ಮಷಿನ್ ನಿಮ್ಮ ಅಂಗಳಕ್ಕೆ ಬಂದರೆ ತಲೆನೋವೂ ಜೊತೆಗೇ ಬರುತ್ತದೆ. ಯಾವ ಕೇಸೂ ಇಲ್ಲವೆಂದು ಮಾರುವವರಿಂದ ಛಾಪಾ ಕಾಗದದಲ್ಲಿ ಬರೆಸಿಕೊಳ್ಳಿ, ಮಷಿನ್ ಮೊದಲು ಓಡಾಡಿದ ಊರಿನ ಠಾಣೆಯಲ್ಲೂ ಒಮ್ಮೆ ವಿಚಾರಿಸಿ.

ಎರಡರಲ್ಲಿ ಯಾವುದು ಎಂದರೆ, ಪರೀಕ್ಷೆಯಲ್ಲಿ ಪಾಸಾದರೆ ನಾನು 2019ರದ್ದನ್ನೇ ಆರಿಸುತ್ತೇನೆ. ಏಳು ಲಕ್ಷದ ಹೆಚ್ಚಿನ ಸಾಲ ಮೊದಲ ಮಷಿನ್ ಕೊಳ್ಳುವವರಿಗೆ ಭಾರ, ನಿಮ್ಮ ಮೆಕ್ಯಾನಿಕ್ ಪಕ್ಕದಲ್ಲೇ ಇದ್ದಾರೆ, ಮಷಿನ್ ಮಾತಾಡಿದ್ದು ಅರ್ಥವಾಗುವ ಕಿವಿ ನಿಮಗಿದೆ. ವಾರಂಟಿಯ ದುಡ್ಡಿನಲ್ಲಿ ಪರೀಕ್ಷೆ ಮಾಡಿಸಿ, ತಂದ ವಾರವೇ ಎಲ್ಲ ಆಯಿಲ್, ಎಲ್ಲ ಫಿಲ್ಟರ್ ಬದಲಿಸಿ, ಉಳಿದದ್ದನ್ನು ಬೇರೆ ಖಾತೆಯಲ್ಲಿಟ್ಟು ದುಡಿದ ಪ್ರತಿ ಗಂಟೆಗೆ ಐವತ್ತು ರೂಪಾಯಿ ಅದಕ್ಕೇ ಸೇರಿಸುತ್ತಾ ಹೋಗಿ. ಸಾವಿರ ಗಂಟೆಗೆ ಐವತ್ತು ಸಾವಿರ ಕೂಡುತ್ತದೆ, ಏನೂ ಕೆಡದಿದ್ದರೆ ಹಣ ನಿಮ್ಮಲ್ಲೇ ಉಳಿಯುತ್ತದೆ. ಮನೆಯವರಿಗೆ ಆ ಪಾಸ್‌ಬುಕ್ ತೋರಿಸಿ, ಒಪ್ಪುತ್ತಾರೆ. ಮತ್ತು ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಒಂದು ಲಕ್ಷವಾದರೂ ಬಾಕಿ ಉಳಿಸಿಕೊಳ್ಳಿ. ಯಾರ್ಡ್‌ನವರು ಎಷ್ಟೇ ಅವಸರ ಮಾಡಿದರೂ ಪೂರ್ತಿ ಹಣ ಕೊಡಬೇಡಿ.